ಕೆಂಪು ತಂತಿಯ ಗಂಟು

ಷಟರ್ ಧಡಾರನೆ ಬಿತ್ತು. ಅಕ್ಕ ಮೇಜಿನಿಂದ ತಲೆ ಎತ್ತುವಷ್ಟರಲ್ಲಿ ಹೊರಗೆ ಬೀಗ ಕಟಕ್ಕೆಂದಿತು.

"ಏಯ್! ಯಾರ್ರೀ ಅದು? ಒಳಗೆ ಜನ ಇದೀವಿ!"

ಅಂಗಡಿ ಮಾಲೀಕರ ಅಳಿಯ ಓಡಿಹೋಗಿ ಎರಡೂ ಕೈಯಿಂದ ತಗಡು ಬಡಿದ. ತಗಡು ಗುಡುಗಿತು. ಅದು ಸುಮ್ಮನಾದಾಗ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಕೇಳಿಸಿತು. ಓಡುವವರ ಸದ್ದಲ್ಲ. ಕೆಲಸ ಮುಗಿಸಿ ಹೊರಟವರ ಸದ್ದು.

"ಪೇದೆ ಎಲ್ಲಿ?" ಅಕ್ಕ ಕೇಳಿದಳು.

"ಟೀ ಕುಡಿಯೋಕೆ ಹೋದ್ರು."

"ಬೀಗ?"

"ಕೊಂಡಿಗೇ ಸಿಕ್ಕಿಸಿದ್ರು. ಕೀಲಿ ಅದರಲ್ಲೇ ನೇತಾಡ್ತಿತ್ತು. ನೋಡಿದೆ. ನೋಡಿಯೂ ಸುಮ್ಮನೆ ಒಳಗೆ ಬಂದೆ. ನನ್ನ ಬುದ್ಧಿಗಿಷ್ಟು!"

ಅವತ್ತು ವಾರದ ರಜೆ. ಬಿಡಿಭಾಗ ಮಾರುವ ಆ ಗಲ್ಲಿಯಲ್ಲಿ ಒಂದು ಅಂಗಡಿಯೂ ತೆರೆದಿರಲಿಲ್ಲ. ಅಕ್ಕನ ಫೋನನ್ನು ಪೇದೆ ಬಾಗಿಲಲ್ಲೇ ಇಸಿದುಕೊಂಡಿದ್ದ. ಸೀಲಾದ ಕೋಣೆ, ಫೋಟೊ ಗೀಟೊ ತೆಗೆಯುವಂತಿಲ್ಲ. ಅಳಿಯನ ಫೋನು ಕೆಳಗೆ ಕೌಂಟರಿನ ಮೇಲೆ ಚಾರ್ಜಿಗೆ ಕೂತಿತ್ತು.

"ಹಿಂದೆ ಕಿಟಕಿ ಇಲ್ವಾ?"

"ಅಕ್ಕಾ, ಕಿಟಕಿ ಇದ್ದಿದ್ರೆ ಮಾವ ಸಾಯ್ತಿದ್ರಾ?"

ಅಕ್ಕ ಸುತ್ತ ನೋಡಿದಳು. ಗೋಡೆ ಸೂರಿನವರೆಗೂ ಮಸಿ ಹಿಡಿದಿತ್ತು. ಗೋಡೆಯುದ್ದಕ್ಕೂ ಪುಟ್ಟ ಪುಟ್ಟ ಡ್ರಾಯರುಗಳ ಕಪಾಟು, ಅದರ ಪ್ಲಾಸ್ಟಿಕ್ಕು ಕರಗಿ ಹಲ್ಲು ಕಿರಿದಂತೆ ಜೋತಿತ್ತು. ಮೂಲೆಯಲ್ಲಿ ಮಂಚದ ಕಬ್ಬಿಣದ ಚೌಕಟ್ಟು ಮಾತ್ರ ಉಳಿದಿತ್ತು. ಹೋದ ವಾರ ಅಂಗಡಿಯ ಮುದಿ ಮಾಲೀಕರು ಆ ಮಂಚದ ಮೇಲೆ ಮಧ್ಯಾಹ್ನದ ನಿದ್ದೆಯಲ್ಲಿ ಹೊಗೆ ಕುಡಿದು ಸತ್ತಿದ್ದರು. ದಿಂಬಿನ ಪಕ್ಕ ಚಾರ್ಜಿಗಿಟ್ಟ ಕಂಪ್ಯೂಟರಿನ ಬ್ಯಾಟರಿ ಹೊತ್ತಿಕೊಂಡಿತ್ತು. ಆ ಕಂಪ್ಯೂಟರನ್ನು ಕೈಯಾರೆ ಕಟ್ಟಿದವನು ಅಂಗಡಿಯ ರಿಪೇರಿಗಾರ, ಅಕ್ಕನ ಒಡಹುಟ್ಟಿದ ತಮ್ಮ.

ಅವನು ಕರೆಯುತ್ತಿದ್ದುದರಿಂದಲೇ ಗಲ್ಲಿಗೆಲ್ಲ ಅವಳು ಅಕ್ಕನಾಗಿದ್ದಳು. ಕಾಲೇಜಿನ ಭೌತಶಾಸ್ತ್ರದ ಲ್ಯಾಬಿನಲ್ಲಿ ಪಾಠ ಹೇಳುವವಳು. ಬೆಳಿಗ್ಗೆ ಲಾಕಪ್ಪಿನ ಸರಳುಗಳಾಚೆ ಕೂತಿದ್ದ ತಮ್ಮ ಮುಖ ಎತ್ತದೆ ಹೇಳಿದ್ದ: "ನಾನೇ ಮಾಡಿದ್ದು ಅಂತ ಬರೆಸಿ ಆಯ್ತು. ನೀನು ಮನೆಗೆ ಹೋಗು."

ಇನ್‌ಸ್ಪೆಕ್ಟರು ಅವಳನ್ನು ಹೊರಗೆ ಕರೆದು, "ನಾಳೆ ಕೋರ್ಟಿಗೆ ಹಾಜರು ಮಾಡ್ತೀವಿ ಮೇಡಂ. ಚಾರ್ಜು ಮಿತಿ ಮೀರದ ಹಾಗೆ ಬ್ಯಾಟರಿಯನ್ನ ಕಾಯೋ ಪುಟ್ಟ ಬೋರ್ಡು ಇದೆಯಲ್ಲ, ಅದನ್ನ ದಾಟಿಸಿ ಯಾರೋ ಒಂದು ತುಂಡು ತಂತಿ ಬೆಸೆದಿದಾರೆ. ಇದು ಮರೆವಲ್ಲ, ಕೊಲೆ. ಇವತ್ತು ಮಧ್ಯಾಹ್ನ ಹೋಗಿ ನೋಡಿ. ನಿಮ್ಮ ಕಣ್ಣಿಗೆ ಬೇರೆ ಏನಾದ್ರೂ ಬಿದ್ರೆ ಹೇಳಿ," ಎಂದಿದ್ದರು.

ಆದ್ದರಿಂದ ಇವತ್ತೇ ಕಾಣಬೇಕಿತ್ತು. ನಾಳೆ ಕಂಡರೆ ಕಂಡ ಹಾಗಲ್ಲ.

"ಬಡಿದು ಪ್ರಯೋಜನ ಇಲ್ಲ. ಟಾರ್ಚ್ ಹಿಡೀರಿ ಇತ್ತ ಬಂದು," ಎಂದಳು.

"ಬೀಗ ಹಾಕಿಸಿಕೊಂಡು ಕೂತಿದೀವಿ, ನಿಮಗೆ ಟಾರ್ಚಿನ ಚಿಂತೆ!"

"ಕತ್ತಲಲ್ಲಿ ಕೂರೋದಕ್ಕಿಂತ ವಾಸಿ ಅಲ್ವಾ?"

ಅಳಿಯ ಬಂದ. ಮೇಜಿನ ಮೇಲಿದ್ದ ಟಾರ್ಚ್ ಎತ್ತಿ ಹಿಡಿದ. ಷಟರಿನ ಕೆಳಅಂಚು ಒಂದು ಕಡೆ ಬಗ್ಗಿ ನೆಲಕ್ಕೆ ಮುಟ್ಟದೆ ಒಂದಿಷ್ಟು ಸಂದಿ ಬಿಟ್ಟಿತ್ತು. ಹೊರಗಿನ ಬಿಸಿಲು ಅಲ್ಲಿ ಒಂದು ಪಟ್ಟಿಯಂತೆ ಬಿದ್ದಿತ್ತು. ಅದು ಬಿಟ್ಟರೆ ಕೋಣೆಯಲ್ಲಿ ಬೆಳಕಿಲ್ಲ, ಗಾಳಿಯೂ ಇಲ್ಲ.

ಮೇಜಿನ ಮೇಲಿದ್ದುದು ಬಿಸ್ಕತ್ತಿನ ತಗಡಿನ ಡಬ್ಬಿ. ತಮ್ಮ ಅದನ್ನೇ ಕಂಪ್ಯೂಟರಿನ ಮೈ ಮಾಡಿಕೊಂಡಿದ್ದ. ಮುಚ್ಚಳಕ್ಕೆ ಯಾವುದೋ ಕೆಟ್ಟ ಟ್ಯಾಬ್ಲೆಟ್ಟಿನಿಂದ ಬಿಚ್ಚಿದ ಪರದೆ, ತಳದಲ್ಲಿ ಅಂಗೈಯಗಲದ ಬೋರ್ಡು, ಅದರ ಮೇಲೆ ಪುಟ್ಟ ಕೀಲಿಮಣೆ, ಅಡಿಯಲ್ಲಿ ಹಳೇ ಲ್ಯಾಪ್‌ಟಾಪುಗಳಿಂದ ಬಿಡಿಸಿದ ಬ್ಯಾಟರಿ ಸೆಲ್ಲುಗಳು. ಮುಚ್ಚಳ ತೆರೆದರೆ ಕಂಪ್ಯೂಟರು, ಮುಚ್ಚಿದರೆ ಬಿಸ್ಕತ್ತು. ಈಗ ಎರಡೂ ಅಲ್ಲ. ಸೆಲ್ಲುಗಳ ಕಡೆ ಎಲ್ಲ ಸುಟ್ಟು ಒಂದೇ ಮುದ್ದೆಯಾಗಿತ್ತು. ತಗಡು ಅಡ್ಡ ಬಂದದ್ದರಿಂದ ಅಂಚಿನ ತಂತಿಗಳು ಮಾತ್ರ ಬದುಕಿದ್ದವು.

ಅಕ್ಕ ಚಿಮುಟದಿಂದ ಒಂದೊಂದನ್ನೇ ಎತ್ತಿದಳು. ಮುಚ್ಚಳದ ಕೀಲಿನ ಹತ್ತಿರ ಪರದೆಗೆ ಹೋಗುವ ಜೋಡಿ ಸಿಕ್ಕಿತು. ಪ್ಲಸ್ಸಿಗೆ ಹಸಿರು ತಂತಿ, ಮೈನಸ್ಸಿಗೆ ಕೆಂಪು. ಬೇರೆ ಯಾರಾದರೂ ಕಂಡಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದರು. ಅವಳು ನಿಟ್ಟುಸಿರಿಟ್ಟಳು. ಇದು ತಮ್ಮನದೇ.

ಆಮೇಲೆ ಬ್ಯಾಟರಿಯ ಕಡೆ ಬಂದಳು. ಪ್ಲಸ್ಸಿಗೆ ಕೆಂಪು. ಮೈನಸ್ಸಿಗೆ ಕಪ್ಪು. ಪುಸ್ತಕದಲ್ಲಿ ಬರೆದ ಹಾಗೆ.

ಚಿಮುಟ ಅಲ್ಲೇ ನಿಂತಿತು.

"ಅಳಿಯಂದಿರೇ, ಬೋರ್ಡು ದಾಟಿಸೋಕೆ ಇದನ್ನ ಬಿಚ್ಚಿ ಮತ್ತೆ ಬೆಸೆದಿದಾರೆ. ನನ್ನ ತಮ್ಮ ಅಲ್ಲ."

"ಹೇಗೆ ಹೇಳ್ತೀರಾ?"

ಮನೆಯ ಗುಟ್ಟನ್ನು ಹೊರಗಿನವರ ಮುಂದೆ ಎಂದೂ ಆಡಿದವಳಲ್ಲ. "ಅವನಿಗೆ ಕೆಂಪು ಕಾಣಲ್ಲ. ಕೆಂಪು, ಕಪ್ಪು, ಕಂದು ಎಲ್ಲ ಅವನ ಕಣ್ಣಿಗೆ ಒಂದೇ ಕೊಳಕು ಬಣ್ಣ. ಹುಟ್ಟಿನಿಂದಲೇ. ಕೈಗೆ ಸಿಕ್ಕ ತಂತಿ ಹಾಕ್ತಾನೆ."

ಅಳಿಯ ಬಾಯಿ ಬಿಟ್ಟ. "ಅದಕ್ಕೇನಾ ಗಾಡಿ ಮೇಲೆ ನನ್ನನ್ನ ಹಿಂದೆ ಕೂರಿಸಿಕೊಂಡು ಸಿಗ್ನಲ್ಲಿನಲ್ಲಿ, 'ಅಳಿಯಂದಿರೇ, ಹೊರಡಬಹುದಾ?' ಅಂತ ಕೇಳ್ತಿದ್ದಿದ್ದು? ನಾನು ಮರ್ಯಾದೆ ಅಂದ್ಕೊಂಡಿದ್ದೆ!"

"ಬಣ್ಣ ಕಾಣದವನ ಕೈಗೆ ಯಾರು ಟಿ.ವಿ. ರಿಪೇರಿಗೆ ಕೊಡ್ತಾರೆ? ಅದಕ್ಕೇ ಹೇಳ್ತಿರಲಿಲ್ಲ."

"ಹಾಗಾದ್ರೆ ಇದನ್ನ ಬೆಸೆದವರು..."

"ಬಣ್ಣ ಕಾಣೋರು. ಈ ಕೋಣೆಗೆ ಹೋಗಿ ಬರೋರು." ಅಕ್ಕ ಅವನತ್ತ ತಿರುಗಿದಳು. "ಆ ದಿನ ಷಟರಿಗೆ ಹೊರಗಿನಿಂದ ಬೀಗ ಬಿದ್ದಿತ್ತು. ಯಾರು ಹಾಕಿದ್ದು ಅಂತ ಇನ್‌ಸ್ಪೆಕ್ಟರ್ ಕೇಳಿದ್ರೆ ಗೊತ್ತಿಲ್ಲ ಅಂದ್ರಿ. ಇವತ್ತು ಪೇದೆ ಇಳಿದ ತಕ್ಷಣ ಬೆಕ್ಕಿನ ಹಾಗೆ ಒಳಗೆ ಬಂದ್ರಿ. ಯಾಕೆ?"

"ನೋಡೋಣ ಅಂತ."

"ಏನು ನೋಡೋಕೆ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಿದೆ ನಿಮ್ಮ ಕಥೆ."

ಟಾರ್ಚಿನ ಬೆಳಕು ನೆಲಕ್ಕಿಳಿಯಿತು. ಅಳಿಯ ಮಂಚದ ಚೌಕಟ್ಟಿನ ಮೇಲೆ ಕೂರಹೋದವನು ಏನು ನೆನಪಾಯಿತೋ ಥಟ್ಟನೆ ಎದ್ದು ನೆಲದ ಮೇಲೆ ಕೂತ.

"ಬೀಗ ಹಾಕಿದ್ದು ನಾನೇ ಅಕ್ಕಾ. ದಿನಾ ಹಾಕೋನೂ ನಾನೇ. ಗಿರಾಕಿಗಳು ಮೇಲೆ ಬಂದು ಎಬ್ಬಿಸ್ತಾರೆ ಅಂತ ಮಾವ ಹಾಗೆ ಮಾಡಿಸೋರು. ಸಂದಿಗೆ ಗೋಣಿ ತುರುಕಿ, 'ಎದ್ದ ಮೇಲೆ ಬಡೀತೀನಿ, ಬಂದು ತೆಗಿ' ಅನ್ನೋರು."

"ಆ ದಿನ ಬಡಿದ್ರಾ?"

ಅವನು ಷಟರಿನ ಕಡೆ ನೋಡಿದ.

"ನಾನು ಕೆಳಗೆ ಇರಲಿಲ್ಲ. ಬೆಳಿಗ್ಗೆ ಗಿರಾಕಿಗಳ ಮುಂದೆ ನನ್ನ ಮಾನ ಹರಾಜು ಹಾಕಿದ್ರು. 'ಅಳಿಯ ಅಂದ್ರೇನು, ಮಗಳ ಗಂಡ ಅಂದ್ರೇನು, ಎರಡಕ್ಕೂ ಕೆಲಸ ಬರಲ್ಲ' ಅಂತ. ಸ್ವಲ್ಪ ಹೊತ್ತು ಬಡೀತಾ ಕೂರಲಿ ಅಂತ ಊಟಕ್ಕೆ ಹೋದೋನು ಬೇಕಂತಲೇ ತಡ ಮಾಡಿದೆ." ಮುಖ ಮುಚ್ಚಿಕೊಳ್ಳದೆಯೇ ಅತ್ತ. "ಬಡಿದ್ರೋ ಇಲ್ವೋ ನನಗೆ ಗೊತ್ತಾಗಲ್ಲ. ಇನ್ನು ಯಾವತ್ತೂ ಗೊತ್ತಾಗಲ್ಲ. ಇದನ್ನ ನೀವು ಪೊಲೀಸರಿಗೆ ಹೇಳಬೇಡಿ ಅಂತ ಕೇಳೋಕೆ ಬಂದೆ, ಅಷ್ಟೇ."

ಸುಳ್ಳು ಹೇಳುವವರು ಇಷ್ಟು ಕೆಟ್ಟದಾಗಿ ಅಳುವುದಿಲ್ಲ ಎಂದು ಅಕ್ಕನಿಗೆ ಅನ್ನಿಸಿತು. ಆದರೂ ಅನ್ನಿಸಿಕೆಯನ್ನು ನಂಬಿ ತಮ್ಮನನ್ನು ಬಿಡಿಸಲಾಗದು. ಅವಳು ಮತ್ತೆ ಡಬ್ಬಿಯ ಮೇಲೆ ಬಾಗಿ, ಕೆಂಪು ತಂತಿಗೆ ಮೆತ್ತಿದ್ದ ಮಸಿಯನ್ನು ಉಗುರಿನಿಂದ ಕೆರೆದಳು.

ಮಸಿಯ ಅಡಿಯಲ್ಲಿ ಗಂಟಿತ್ತು.

ಚಿಕ್ಕದು, ಎಂಟರ ಆಕಾರದ್ದು. ಅದು ಅವಳದೇ ಗಂಟು. ತಮ್ಮ ಚಿಕ್ಕವನಿದ್ದಾಗ ಪ್ಲಸ್ಸು ಮೈನಸ್ಸು ಅದಲು ಬದಲು ಮಾಡಿ ಮನೆಯ ರೇಡಿಯೊ ಸುಟ್ಟಿದ್ದ. ಬಣ್ಣ ನೋಡಬೇಡ, ಪ್ಲಸ್ಸಿನ ತಂತಿಗೆ ಮೊದಲು ಗಂಟು ಹಾಕಿಬಿಡು, ಆಮೇಲೆ ಬೆರಳಿಗೇ ಗೊತ್ತಾಗುತ್ತೆ ಎಂದು ಅವಳು ಹೇಳಿಕೊಟ್ಟಿದ್ದಳು. ಯಾರಾದರೂ ಕೇಳಿದರೆ, ತಂತಿ ಎಳೆದಾಗ ಕಿತ್ತು ಬಾರದಿರಲಿ ಅಂತ ಹೇಳು ಎಂದೂ ಕಲಿಸಿದ್ದಳು. ಪರದೆಯ ಹಸಿರು ತಂತಿಗೂ ಇದೇ ಗಂಟು ಇತ್ತು.

ಬಣ್ಣ ಕಾಣುವ ಕೈ. ಗಂಟಿನ ಗುಟ್ಟೂ ಗೊತ್ತಿರುವ ಕೈ.

ಅವಳು ಮೇಜಿನ ಡ್ರಾಯರಿನಿಂದ ಒಂದು ತುಂಡು ತಂತಿ ಹುಡುಕಿ ಅಳಿಯನ ಮುಂದೆ ಹಿಡಿದಳು. "ಈ ಗಂಟು ನೋಡಿ. ಇಂಥದೇ ಒಂದು ಹಾಕಿ."

ಅವನು ಕಣ್ಣೊರೆಸಿಕೊಂಡು ಹಾಕಿದ. ಬಿಚ್ಚಿತು. ಮತ್ತೆ ಹಾಕಿದ. ಈ ಸಲ ಅವನ ಬೆರಳೇ ಒಳಗೆ ಸಿಕ್ಕಿಕೊಂಡಿತು.

"ಅಣಕಿಸಬೇಡಿ ಅಕ್ಕಾ. ಸೋಲ್ಡರಿಂಗ್ ಐರನ್ ಹಿಡಿದ ಮೊದಲ ದಿನವೇ ನನ್ನ ಪ್ಯಾಂಟು ಸುಟ್ಕೊಂಡೆ. ಆಮೇಲಿಂದ ಮಾವ ನನ್ನ ಕೌಂಟರಿನಾಚೆ ಬಿಟ್ಟಿಲ್ಲ. ಏನಿದು ಗಂಟು?"

"ಇದು ಗೊತ್ತಿರೋದು ನನಗೆ, ನನ್ನ ತಮ್ಮನಿಗೆ. ಇಬ್ಬರಿಗೇ."

"ಅವನ ಹೆಂಡತಿಗೂ ಗೊತ್ತು," ಎಂದ ಅಳಿಯ, ತಂತಿಯಿಂದ ಬೆರಳು ಬಿಡಿಸಿಕೊಳ್ಳುತ್ತಾ.

"ಅವಳು ಅಂಗಡಿ ಕಡೆ ತಲೆ ಹಾಕಲ್ಲ."

"ಯಾರು ಹೇಳಿದ್ದು ನಿಮಗೆ? ನೀವು ಕಾಲೇಜಿಗೆ ಹೋದ ಮೇಲೆ ಬರೋಳು. ಈ ಡಬ್ಬಿ ಕಟ್ಟೋವಾಗಂತೂ ಇಲ್ಲೇ ಪಕ್ಕದಲ್ಲಿ ಕೂತು ಒಂದೊಂದು ಗಂಟೂ ಕಣ್ಣಲ್ಲಿ ಕಣ್ಣಿಟ್ಟು ನೋಡ್ತಿದ್ಲು. ಬೆಸುಗೆ ಕಲಿಸಿ ಅಂತ ಮಾವನ ಪ್ರಾಣ ತಿಂದು ಕಲಿತ್ಲು. 'ಗಂಡನಿಗಿಂತ ಹೆಂಡತಿ ಕೈ ಚೊಕ್ಕ' ಅಂತ ಮಾವ ನನ್ನ ಮುಂದೆಯೇ ಹೊಗಳಿದ್ರು, ನನ್ನ ಹೊಟ್ಟೆ ಉರೀಲಿ ಅಂತ."

ತಮ್ಮ, ತಮ್ಮನ ಹೆಂಡತಿ, ತಾನು, ಮೂವರೂ ಅಕ್ಕನ ಹೆಸರಿನಲ್ಲಿರುವ ಒಂದೇ ಮನೆಯಲ್ಲಿರುವವರು. ಬೆಳಿಗ್ಗೆ ಆ ಹುಡುಗಿ ಅಕ್ಕನ ಊಟದ ಡಬ್ಬಿ ಕಟ್ಟುತ್ತಾ ಕೇಳಿದ್ದಳು: ಅತ್ತಿಗೆ, ಅಲ್ಲಿಗೆ ಎಷ್ಟು ಹೊತ್ತಿಗೆ ಹೋಗ್ತೀರಾ? ಪೊಲೀಸರೂ ಜೊತೆಗಿರ್ತಾರಾ? ಪಾಪ, ಗಂಡನ ಚಿಂತೆ ಎಂದುಕೊಂಡು ಅಕ್ಕ ಎಲ್ಲವನ್ನೂ ಹೇಳಿದ್ದಳು.

"ನಿಮ್ಮ ಮಾವನ ಮೇಲೆ ಅವಳಿಗೇನು ದ್ವೇಷ?" ಎಂದಳು. "ಅಷ್ಟು ಹೊಗಳಿದ ಮನುಷ್ಯ. ಅವರಿಗೋಸ್ಕರ ಮಾಡಿದ ಡಬ್ಬಿಗೆ..."

"ಮಾವನಿಗಾ?" ಅಳಿಯ ತಲೆ ಎತ್ತಿದ. "ಅಕ್ಕಾ, ನಿಮಗೆ ಯಾರೂ ಹೇಳಲಿಲ್ವಾ?"

"ಏನು?"

"ಇದು ಮಾವನ ಡಬ್ಬಿ ಅಲ್ಲ. ನಿಮಗೆ ಅಂತ ಮಾಡಿದ್ದು. ದೊಡ್ಡ ಲ್ಯಾಪ್‌ಟಾಪ್ ಹೊತ್ತು ಅಕ್ಕನ ಭುಜ ಬಿದ್ದುಹೋಗಿದೆ, ಬ್ಯಾಗಿಗೆ ಹಾಕ್ಕೊಳ್ಳೋ ಹಾಗೆ ಚಿಕ್ಕದು ಮಾಡ್ತೀನಿ ಅಂತಿದ್ದ. ಆ ದಿನ ಸಂಜೆ ನಿಮ್ಮ ಕೈಗೆ ಬರಬೇಕಿತ್ತು. ಮಾವ ಮಕ್ಕಳ ಹಾಗೆ ಹಟ ಹಿಡಿದ್ರು. 'ಒಂದು ಮಧ್ಯಾಹ್ನ ನನ್ನ ಹತ್ರ ಇರಲಿ, ಆಟ ಆಡಿ ಕೊಡ್ತೀನಿ' ಅಂತ ಕಿತ್ಕೊಂಡ್ರು."

ಟಾರ್ಚು ಮಂಕಾಗುತ್ತಿತ್ತು. ಅಕ್ಕನ ಕಣ್ಣ ಮುಂದೆ ಬಂದದ್ದು ತಾನು ಮಲಗುವ ಕೋಣೆ. ಅಲ್ಲಿರುವುದು ಒಂದೇ ಪ್ಲಗ್ಗು, ಮಂಚದ ತಲೆಯ ಹತ್ತಿರ. ಬಾಗಿಲು ಹಾಕಿಕೊಂಡು, ಕಿಟಕಿ ಮುಚ್ಚಿಕೊಂಡು ಮಲಗುವುದು ಅವಳ ರೂಢಿ. ಅದು ಮನೆಯವರಿಗೆಲ್ಲ ಗೊತ್ತು.

ಸತ್ತವರು ಅಡ್ಡ ಬಂದವರು. ಸಾಯಬೇಕಾದವಳು ಇಲ್ಲಿ ಕೂತು ಸುಟ್ಟ ತಂತಿ ಎಣಿಸುತ್ತಿದ್ದಾಳೆ.

ಹಾಗಿದ್ದರೆ ತಮ್ಮ ಯಾಕೆ ತಪ್ಪೊಪ್ಪಿಕೊಂಡ? ಹೆಂಡತಿಯನ್ನು ಉಳಿಸಲೋ? ಅವನು ಮುಖ ಎತ್ತದೆ ಮಾತಾಡಿದ್ದು ದುಃಖಕ್ಕೆ ಎಂದುಕೊಂಡಿದ್ದಳು. ನಾಚಿಕೆಯೂ ಹಾಗೇ ಕಾಣುತ್ತದೆ ಎಂಬುದು ಈಗ ಹೊಳೆಯಿತು.

ಬ್ಯಾಟರಿಯ ಕಡೆಯಿಂದ ಆ ಕೆಂಪು ತಂತಿಯನ್ನು, ಅದಕ್ಕಂಟಿಕೊಂಡಿದ್ದ ಬೆಸುಗೆಯ ಚೂರಿನೊಡನೆ ಅವಳು ಮೆಲ್ಲಗೆ ಬಿಡಿಸಿದಳು. ನಾಳೆ ಕೋರ್ಟಿನಲ್ಲಿ ತಮ್ಮನ ಪರವಾಗಿ ಮಾತಾಡಬಲ್ಲದ್ದು ಅದೊಂದೇ. ಇನ್ನೊಬ್ಬರನ್ನು ಹಿಡಿದುಕೊಡುವುದೂ ಅದೇ.

ಮೆಟ್ಟಿಲ ಮೇಲೆ ಸದ್ದಾಯಿತು.

"ಪೇದೆ ಬಂದ್ರು!" ಅಳಿಯ ಜಿಗಿದೆದ್ದ. ಅಕ್ಕ ಅವನ ತೋಳು ಹಿಡಿದೆಳೆದಳು. ಅವು ಬೂಟಿನ ಹೆಜ್ಜೆಗಳಲ್ಲ.

ಷಟರಿನ ಸಂದಿಯಲ್ಲಿದ್ದ ಬಿಸಿಲಿನ ಪಟ್ಟಿ ನಡುವೆ ಕಪ್ಪಾಯಿತು. ಯಾರೋ ಬಂದು ನಿಂತಿದ್ದರು.

"ಅತ್ತಿಗೆ?"

ಅದೇ ದನಿ. ಬೆಳಿಗ್ಗೆ ಊಟದ ಡಬ್ಬಿ ಕೈಗಿಟ್ಟವಳ ದನಿ.

"ಅತ್ತಿಗೆ, ಒಳಗಿದೀರಾ ಅಂತ ಗೊತ್ತು. ಊಟ ಮಾಡಿದ್ರಾ?"

ಅಕ್ಕನಿಗೆ ನಗು ಬಂದುಬಿಡುತ್ತಿತ್ತು. "ಮಾಡಲಿಲ್ಲ. ಮಾಡಿದ್ದಿದ್ರೆ ಬೀಗ ಹಾಕೋ ಶ್ರಮ ನಿನಗಿರ್ತಿರಲಿಲ್ವೇನೋ."

"ಅಯ್ಯೋ, ಹಾಗೆಲ್ಲ ಅನ್ನಬೇಡಿ. ಊಟದಲ್ಲಿ ಏನೂ ಇಲ್ಲ." ನಿಜವಾಗಿ ನೊಂದವಳ ಹಾಗಿತ್ತು ದನಿ. "ಪೇದೆಗೆ, ಸ್ಟೇಷನ್ನಿಗೆ ಎಲ್ಲ ಕೊಡೋದು ಕೊಟ್ಟಾಗಿದೆ, ಅವರು ಬರೋದು ತಡ ಆಗುತ್ತೆ. ಅಷ್ಟರಲ್ಲಿ ಮುಗಿಸೋಣ. ಆ ಕೆಂಪು ತಂತಿ ಇದೆಯಲ್ಲ, ಅದನ್ನ ಈ ಸಂದಿಯಿಂದ ಕೊಟ್ಟುಬಿಡಿ. ಬೀಗ ತೆಗೀತೀನಿ. ಮನೆಗೆ ಹೋಗೋಣ."

"ಕೆಂಪು ತಂತಿ ಅಂತ ನಿನಗೆ ಯಾರು ಹೇಳಿದ್ರು?"

ಹೊರಗೆ ಚಪ್ಪಲಿ ಸರಿದ ಸದ್ದಾಯಿತು.

"ಕೊಟ್ಟುಬಿಡಿ ಅಕ್ಕಾ," ಅಳಿಯ ಕಿವಿಯಲ್ಲಿ ಪಿಸುಗುಟ್ಟಿದ. "ಒಂದು ಗೇಣು ತಂತಿ. ಮೊದಲು ಹೊರಗೆ ಹೋಗೋಣ. ನನಗೆ ಉಸಿರು ಕಟ್ತಾ ಇದೆ."

"ಅದು ತಂತಿ ಅಲ್ಲ, ನನ್ನ ತಮ್ಮ," ಎಂದಳು ಅಕ್ಕ. ಆಮೇಲೆ ಷಟರಿನ ಕಡೆಗೆ, ಗಟ್ಟಿಯಾಗಿ: "ನಾಳೆ ನಿನ್ನ ಗಂಡನ್ನ ಕೋರ್ಟಿಗೆ ಎಳ್ಕೊಂಡು ಹೋಗ್ತಾರೆ. ನೀನು ಮಾಡಿದ್ದಕ್ಕೆ ಅವನು ಒಳಗೆ ಕೂರ್ತಾನೆ. ನಿನಗೆ ಏನೂ ಅನ್ಸಲ್ವಾ?"

"ಅವರ ವಿಷಯ ಅವರು ನೋಡ್ಕೋತಾರೆ. ನೀವು ತಂತಿ ಕೊಡಿ."

ಸಂದಿಯಲ್ಲಿ ಒಂದು ಕೈ ಒಳಗೆ ಬಂತು. ಸಣ್ಣ, ಚೊಕ್ಕ ಕೈ. ಅಂಗೈ ಮೇಲಾಗಿ ತೆರೆದು ಕಾದಿತ್ತು. ಹೆಬ್ಬೆರಳಿನ ಬದಿಗೆ ಬೆಸುಗೆ ತಾಗಿದ ಸುಟ್ಟ ಗುರುತಿತ್ತು. ಇಷ್ಟು ದಿನ ಒಂದೇ ಅಡುಗೆಮನೆಯಲ್ಲಿ ಓಡಾಡಿದರೂ ಅಕ್ಕ ಅದನ್ನು ಕಂಡಿರಲಿಲ್ಲ. ಕಂಡಿದ್ದರೂ ಒಲೆಯದು ಎಂದುಕೊಳ್ಳುತ್ತಿದ್ದಳು.

ಅವಳು ಮಂಡಿಯೂರಿದಳು. ತಂತಿಯನ್ನು ಮಡಿಸಿ ರವಿಕೆಯೊಳಗೆ ಸೇರಿಸಿದಳು. ಆಮೇಲೆ ಎರಡೂ ಕೈಯಿಂದ ಆ ಮಣಿಕಟ್ಟನ್ನು ಹಿಡಿದಳು.

ಹೊರಗೆ ತಗಡಿಗೆ ಮೈ ಅಪ್ಪಳಿಸಿದ ಸದ್ದಾಯಿತು. ಕೈ ಹಾವಿನಂತೆ ಹೊರಳಿತು. ಅಕ್ಕ ಬಿಡಲಿಲ್ಲ.

"ಬಿಡಿ ಅತ್ತಿಗೆ! ಬಿಡಿ!"

"ಪೇದೆ ಬರೋವರೆಗೂ ಬಿಡಲ್ಲ. ತಡ ಆದ್ರೆ ಆಗಲಿ. ಅಳಿಯಂದಿರೇ, ಕೂಗಿ! ಇಡೀ ಗಲ್ಲಿಗೆ ಕೇಳೋ ಹಾಗೆ ಕೂಗಿ!"

ಅಳಿಯ ಕೂಗಿದ. ಜೀವಮಾನದಲ್ಲಿ ಒಂದು ಕೆಲಸವನ್ನಾದರೂ ಸರಿಯಾಗಿ ಮಾಡಬೇಕೆಂದವನಂತೆ ಕೂಗಿದ. ಆ ಕೂಗಿನ ನಡುವೆ ಹೊರಗಿನ ಹುಡುಗಿ, ಕೆಳಗಿನ ಮೆಟ್ಟಿಲ ಕಡೆಗೆ ಕೊರಳು ಹರಿಯುವ ಹಾಗೆ ಕಿರುಚಿದಳು:

"ರೀ! ಬನ್ರೀ ಮೇಲೆ! ಕೈ ಹಿಡ್ಕೊಂಡ್ಬಿಟ್ಟಿದಾರೆ!"

ಯಾರೋ ಮೆಟ್ಟಿಲು ಹತ್ತಿ ಬಂದರು. ಬಿಸಿಲಿನ ಪಟ್ಟಿಯಲ್ಲಿ ಇನ್ನೆರಡು ಕಾಲು ಕಂಡವು. ಬೆಳಿಗ್ಗೆ ಲಾಕಪ್ಪಿನ ನೆಲದ ಮೇಲೆ ಕಂಡಿದ್ದ ಬರಿಗಾಲುಗಳು. ಸ್ಟೇಷನ್ನಿಗೆ ಕೊಟ್ಟ ದುಡ್ಡು ಯಾರನ್ನು ಹೊರಗೆ ತಂದಿತ್ತೆಂದು ಅಕ್ಕನಿಗೆ ಆಗ ಗೊತ್ತಾಯಿತು.

"ಅಕ್ಕಾ," ಎಂದ ತಮ್ಮ, ಷಟರಿಗೆ ಬಾಯಿ ಹಚ್ಚಿ, ಮೆಲ್ಲಗೆ. "ಅವಳ ಕೈ ಬಿಡು."